ರಬ್ಬರ್ ಬ್ಯಾಂಡಿನ ಆಟ

ಬೇಸಿಗೆ ರಜೆಗೆ ಆಳಂದಕ್ಕೆ ಬಂದಿದ್ದ ಮೊಮ್ಮಗ ಮೊಬೈಲನ್ನು ದಿಂಬಿನ ಮೇಲೆ ಒಗೆದು, "ಆಯಿ, ಇದು ಮೋಸ ಮಾಡ್ಲಕತ್ತದ" ಎಂದ. ಕಾರಿನ ರೇಸು. ಎದುರಾಳಿ ಮನುಷ್ಯನಲ್ಲ, ಕಂಪ್ಯೂಟರು. "ನಾ ಎಷ್ಟ್ ಜೋರ್ ಹೋದ್ರೂ ಬೆನ್ನಿಗೇ ಬರ್ತದ. ನಾ ಹಿಂದ ಬಿದ್ರ ಅದೂ ಸಾವಕಾಶ ಆಗ್ತದ." ಯಂತ್ರಕ್ಕೆಲ್ಲಿಯ ಮೋಸ, ಸೋತದ್ದಕ್ಕೆ ನೆವ ತೆಗೆಯುತ್ತಾನೆ ಎಂದುಕೊಂಡೆ. ಸೋಲು ಒಪ್ಪಿಕೊಳ್ಳುವುದು ಕಲಿ ಎಂದು, ಶಾಲೆಯ ಚಟ, ಬುದ್ಧಿ ಹೇಳಿದೆ.

ಸಂಜೆ ಫೋನಿನಲ್ಲಿ ಅಳಿಯಂದಿರು ಹುಡುಗನ ಪರ ವಹಿಸಿದರು. ಅವರದು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಇದಕ್ಕೆ ರಬ್ಬರ್ ಬ್ಯಾಂಡ್ ಎಂದೇ ಹೆಸರಂತೆ. ಹಿಂದೆ ಬಿದ್ದ ಕಂಪ್ಯೂಟರ್ ಕಾರನ್ನು ಎಳೆದು ತರುವುದು, ಮುಂದೆ ಹೋದದ್ದನ್ನು ಹಿಡಿದು ನಿಲ್ಲಿಸುವುದು, ಆಡುವವರಿಗೆ ಬೇಸರ ಬರಬಾರದೆಂದು. 1991ರಲ್ಲಿ ಬಂದ 'ಸಿವಿಲೈಸೇಷನ್' ಎಂಬ ರಾಜ್ಯ ಕಟ್ಟುವ ಆಟದಲ್ಲೂ, ಕಠಿಣ ಹಂತಕ್ಕೆ ಹೋದರೆ ಕಂಪ್ಯೂಟರಿನ ರಾಜರಿಗೆ ನಮಗಿಂತ ಅಗ್ಗದಲ್ಲಿ ಎಲ್ಲ ಸಿಗುತ್ತದಂತೆ.

ಅದನ್ನು ಮಾಡಿದ ಸಿಡ್ ಮೈಯರ್ 2010ರ ಒಂದು ಭಾಷಣದಲ್ಲಿ ಹೇಳಿದ ಸಂಗತಿ ಮಾತ್ರ ನನ್ನನ್ನು ಹಿಡಿದು ಕೂರಿಸಿತು. ಯುದ್ಧಕ್ಕೆ ಮೊದಲು ಗೆಲುವಿಗೆ ಮೂರು ಪಾಲು, ಸೋಲಿಗೆ ಒಂದು ಪಾಲು ಎಂದು ತೋರಿಸಿದರೆ, ನಾಲ್ಕರಲ್ಲಿ ಒಮ್ಮೆ ಸೋಲುವುದು ಲೆಕ್ಕವೇ. ಆಡುವವರು ಒಪ್ಪಲಿಲ್ಲ, ಮೋಸ ಎಂದರು. ಕೊನೆಗೆ ಒಳಗಿನ ಲೆಕ್ಕವನ್ನೇ ಆಡುವವರ ಕಡೆ ವಾಲಿಸಿದರಂತೆ. ನೋಡಿ, ಮೋಸವಿಲ್ಲದಾಗ ಕೂಗಾಡಿದವರು ಮೋಸವಾದ ಮೇಲೆ ಸಮಾಧಾನವಾದರು!

ಮರುದಿನ ಚೌಕಾಬಾರ ಆಡಲು ಕುಳಿತೆವು. ಹೊಡೆಯಬಹುದಾಗಿದ್ದ ಅವನ ಕಾಯಿ ಬಿಟ್ಟು ನಾನು ಬೇರೆ ಕಾಯಿ ನಡೆಸಿದೆ. ಹುಡುಗ ಕಣ್ಣೆತ್ತಿ, "ಆಯಿ, ನೀನೂ ರಬ್ಬರ್ ಬ್ಯಾಂಡೇನು?" ಎಂದ.

ನಕ್ಕುಬಿಟ್ಟೆ. ರಾತ್ರಿ ನಿದ್ದೆ ಮಾತ್ರ ಬರಲಿಲ್ಲ. ಜೇವರ್ಗಿ ಕಡೆಯ ಶಾಲೆಯಲ್ಲಿದ್ದಾಗ ಒಬ್ಬ ಹುಡುಗಿಗೆ ಗಣಿತದಲ್ಲಿ ಮೂರು ಬರುವಲ್ಲಿ ಏಳು ಹಾಕುತ್ತಿದ್ದೆ. ತಾಯಿಯಿಲ್ಲದ ಕೂಸು, ಶಾಲೆ ಬಿಟ್ಟೀತು ಎಂಬ ಮರುಕ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತದಲ್ಲೇ ನಪಾಸಾದಳು. "ಟೀಚರ್, ನನಗ ಗಣಿತ ಬರ್ತದಂತ ನೀವೇ ಹೇಳಿದ್ರಲ್ರಿ" ಎಂದಳು. ಅವಳು ಸಿಟ್ಟಾಗಿದ್ದರೆ ಎಷ್ಟೋ ಚಲೋ ಇತ್ತು.

2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ವೆಬ್‌ಕಾಸ್ಟಿಂಗ್ ಬಂದು ಫಲಿತಾಂಶ ಕುಸಿದಾಗ ಸರ್ಕಾರವೂ ಕೃಪಾಂಕ ಹೆಚ್ಚಿಸಿತು. ಆಮೇಲೂ ರಾಜ್ಯದ ಫಲಿತಾಂಶ ಶೇಕಡಾ 73.40. ಅದು ಸರಿಯೋ ತಪ್ಪೋ ಬಿಡಿ, ಪೇಪರಿನಲ್ಲಿ ಹೇಳಿಯಾದರೂ ಕೊಟ್ಟರು. ಅಫಜಲಪುರದ ತವರುಮನೆಯಲ್ಲಿ ನಾನು ಸಣ್ಣವಳಿದ್ದಾಗ ದೊಡ್ಡವರು, "ಇಕಿ ಆಟಕ್ಕುಂಟು, ಲೆಕ್ಕಕ್ಕಿಲ್ಲ" ಎಂದು ಎಲ್ಲರೆದುರೇ ಹೇಳಿ ಆಟಕ್ಕೆ ಕೂರಿಸಿಕೊಳ್ಳುತ್ತಿದ್ದರು. ಅಳು ಬರುತ್ತಿತ್ತು. ಆದರೆ ನನ್ನ ಜಾಗ ಎಲ್ಲಿ ಎಂಬುದು ನನಗೆ ಗೊತ್ತಿರುತ್ತಿತ್ತು. ಆ ಹುಡುಗಿಗೆ ನಾನು ಅಷ್ಟೂ ಉಳಿಸಿರಲಿಲ್ಲ.

ಬೆಳಿಗ್ಗೆ ಮೊಮ್ಮಗನೇ ಸೀಮೆಸುಣ್ಣದಿಂದ ನೆಲದ ಮೇಲೆ ಮನೆ ಬರೆದ. "ಖರೇ ಆಡ್ತಿ?" ಎಂದ.

"ಖರೇ ಆಡ್ತೀನಿ."

ಮೂರು ಆಟ ಸೋತ. ಮೂರನೆಯದಕ್ಕೆ ಕಣ್ಣಲ್ಲಿ ನೀರು. ಸಮಾಧಾನ ಮಾಡಲು ಹೋದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಕವಡೆ ಆರಿಸತೊಡಗಿದೆ. "ಇನ್ನೊಂದು ಹಾಕು" ಎಂದ.