ನಿತ್ಯಸಮೀಕರಣದ ಬಲ ಎಲ್ಲಿದೆ?

ಸಂಖ್ಯೆಗಳನ್ನು ಯಾವ ಕ್ರಮದಲ್ಲಿ ಗುಣಿಸಿದರೂ ಗುಣಲಬ್ಧ ಒಂದೇ; ಮಾತೃಕೆಗಳಲ್ಲಿ ಹಾಗಲ್ಲ. ಕೂಡುವ, ಕಳೆಯುವ, ಗುಣಿಸುವ ಕ್ರಿಯೆಗಳಿರುವ ಇಂಥ ವ್ಯವಸ್ಥೆಗೆ ರಿಂಗ್ ಎಂದು ಹೆಸರು. ಅದು ಪರಿವರ್ತನೀಯವೆಂದು ಹೇಳಬೇಕಾದರೆ ಅದರ ಪ್ರತಿಯೊಂದು ಜೋಡಿಯನ್ನೂ ಎರಡೂ ಕ್ರಮದಲ್ಲಿ ಗುಣಿಸಿ ನೋಡಬೇಕೆಂದು ತೋರುವುದು ಸಹಜ. ಆದರೆ 1957ರಲ್ಲಿ ಎಡ್ವರ್ಡ್ ಪೋಸ್ನರ್ ಸಾಧಿಸಿದ ಪ್ರಮೇಯವೊಂದು ಜೋಡಿಗಳ ಮಾತೆತ್ತದೆಯೇ ಈ ನಿರ್ಣಯಕ್ಕೆ ಬರುತ್ತದೆ.

ಕಲನಶಾಸ್ತ್ರದ ಗುಣಲಬ್ಧ ನಿಯಮವನ್ನು, ಅಂದರೆ ದ(ಕಖ) = ದ(ಕ)·ಖ + ಕ·ದ(ಖ) ಎಂಬುದನ್ನು, ಪಾಲಿಸುವ ಮತ್ತು ಮೊತ್ತವನ್ನು ಮೊತ್ತಕ್ಕೇ ಒಯ್ಯುವ ಕ್ರಿಯೆಯನ್ನು ಡೆರಿವೇಶನ್ ಎನ್ನುತ್ತಾರೆ. ಶೂನ್ಯವಲ್ಲದ ಎರಡು ಧಾತುಗಳ ನಡುವೆ ರಿಂಗ್‌ನ ಎಲ್ಲ ಧಾತುಗಳನ್ನೂ ಒಂದೊಂದಾಗಿ ಇಟ್ಟು ಗುಣಿಸಿದಾಗ ಎಲ್ಲೆಡೆಯೂ ಶೂನ್ಯವೇ ಬರುವುದು ಅಸಾಧ್ಯವಾದರೆ ಅದು ಅವಿಭಾಜ್ಯ ರಿಂಗ್. ಇಂಥ ರಿಂಗ್‌ನಲ್ಲಿ ಶೂನ್ಯವಲ್ಲದ ಡೆರಿವೇಶನ್ ಒಂದಿದ್ದು, ಪ್ರತಿಯೊಂದು ಕ ತನ್ನದೇ ದ(ಕ)ದೊಂದಿಗೆ ಕ್ರಮಭೇದವಿಲ್ಲದೆ ಗುಣಿಸಲ್ಪಟ್ಟರೆ, ಅಂದರೆ ಕ·ದ(ಕ) = ದ(ಕ)·ಕ ಎಂಬ ನಿತ್ಯಸಮೀಕರಣ ನಿಂತರೆ, ಇಡೀ ರಿಂಗ್ ಪರಿವರ್ತನೀಯವಾಗುತ್ತದೆ. ಪೋಸ್ನರ್‌ನ ಹೇಳಿಕೆ ಇದಕ್ಕಿಂತ ತುಸು ವ್ಯಾಪಕ. ವಿಚಾರದ ತಿರುಳಿಗೆ ಇಷ್ಟು ಸಾಕು.

ಅಲ್ಪ ನಿಬಂಧನೆಯಿಂದ ಮಹತ್ತಾದ ಫಲ ಬಂದಿತೆಂದು ಇದನ್ನು ಕೊಂಡಾಡುವುದು ವಾಡಿಕೆ, ಆದರೆ ನಿಬಂಧನೆ ನಿಜಕ್ಕೂ ಅಲ್ಪವೇ ಎಂಬುದು ಕೇಳಲೇಬೇಕಾದ ಪ್ರಶ್ನೆ. ‘ಪ್ರತಿಯೊಂದು ಕ’ ಎಂದಾಗ ಕ+ಖ ಎಂಬ ಮೊತ್ತವೂ ಅದರಲ್ಲಿ ಸೇರಿರುವುದರಿಂದ, ಒಂಟಿ ಧಾತುವಿನ ಬಗ್ಗೆ ಹೇಳಿದಂತೆ ಕಾಣುವ ಮಾತು ಜೋಡಿಗಳನ್ನು ಮೊದಲೇ ಒಳಗೊಂಡಿರುತ್ತದೆ. ಆ ಮೊತ್ತವನ್ನು ಬಿಡಿಸಿ, ಖ ಇದ್ದಲ್ಲಿ ಖಕ ಎಂದು ಬರೆದರೆ (ಖಕ − ಕಖ)·ದ(ಕ) = 0 ಎಂದು ಉಳಿಯುತ್ತದೆ; ಮುಂದೆ ಖ ಇದ್ದಲ್ಲಿ ಗಖ ಎಂದು ಬರೆದರೆ (ಗಕ − ಕಗ)·ಖ·ದ(ಕ) = 0. ನಡುವಿನ ಖ ಯಾವುದಾದರೂ ಆಗಬಹುದಾದ್ದರಿಂದ ಅವಿಭಾಜ್ಯತೆ ಇಲ್ಲಿ ಕೆಲಸಕ್ಕೆ ಬಂದು, ಒಂದೊಂದು ಕ ಕೂಡ ಒಂದೋ ಎಲ್ಲದರೊಡನೆಯೂ ಪರಿವರ್ತನೀಯ, ಇಲ್ಲವೇ ಅದರ ದ(ಕ) ಶೂನ್ಯ ಎಂಬ ತೀರ್ಮಾನ ದೊರೆಯುತ್ತದೆ. ಈ ಎರಡು ಬಗೆಯ ಧಾತುಗಳೂ ಸಂಕಲನದಲ್ಲಿ ಒಂದೊಂದು ಉಪಸಮೂಹ. ಆದರೆ ಸಂಕಲನಕ್ಕೆ ಒಳಪಟ್ಟ ಸಮೂಹವೊಂದು ತನಗಿಂತ ಚಿಕ್ಕವಾದ ಎರಡೇ ಉಪಸಮೂಹಗಳಲ್ಲಿ ಹಂಚಿಹೋಗಲಾರದು; ಹಾಗಾಗಿ ಎರಡರಲ್ಲೊಂದು ಪಕ್ಷ ಇಡೀ ರಿಂಗನ್ನು ಆವರಿಸಲೇಬೇಕು, ಮತ್ತು ಡೆರಿವೇಶನ್ ಶೂನ್ಯವಲ್ಲವಾದ್ದರಿಂದ ಅದು ಮೊದಲನೆಯದೇ.

ಹಾಗಾದರೆ ಫಲವೆಲ್ಲ ನಿತ್ಯಸಮೀಕರಣದಲ್ಲೇ ಅಡಗಿತ್ತು ಎನ್ನಬಹುದೇ? ಅದೂ ಸಲ್ಲದು. ಮಾತೃಕೆಗಳ ರಿಂಗ್ ಒಂದನ್ನೂ ಬಹುಪದಗಳ ರಿಂಗ್ ಒಂದನ್ನೂ ಜೋಡಿಸಿ, ಮೊದಲ ಭಾಗವನ್ನು ಶೂನ್ಯಕ್ಕೆ ಒಯ್ದು ಎರಡನೆಯದರಲ್ಲಿ ಮಾತ್ರ ಅವಕಲನ ನಡೆಸಿದರೆ, ನಿತ್ಯಸಮೀಕರಣ ಎಲ್ಲೆಡೆ ನಿಲ್ಲುತ್ತದೆ, ಆದರೂ ಮಾತೃಕೆಗಳು ಮೊದಲಿನಂತೆಯೇ ಅಪರಿವರ್ತನೀಯವಾಗಿ ಉಳಿಯುತ್ತವೆ. ಇಲ್ಲಿ ಕ್ರಮಭೇದ ಒಂದು ಭಾಗದಲ್ಲಿ, ಬದಲಾವಣೆ ಇನ್ನೊಂದರಲ್ಲಿ. ಅವೆರಡೂ ಎಲ್ಲಿಯೂ ಸಂಧಿಸುವುದಿಲ್ಲ. ಆ ಸಂಧಿಯನ್ನು ಕಡ್ಡಾಯಗೊಳಿಸುವುದು ಅವಿಭಾಜ್ಯತೆ, ಮತ್ತು ಪ್ರಮೇಯದ ಶ್ರೇಯಸ್ಸಿನಲ್ಲಿ ಅದಕ್ಕೆ ಸಲ್ಲಬೇಕಾದ ಪಾಲು ಸಾಮಾನ್ಯವಾಗಿ ಸಲ್ಲುವುದಿಲ್ಲ.

ರಿಂಗನ್ನು ತನ್ನ ಮೇಲೆಯೇ ಒಂದಕ್ಕೊಂದರಂತೆ, ಮೊತ್ತ ಗುಣಲಬ್ಧಗಳು ಕೆಡದಂತೆ, ಹೊಂದಿಸುವ ಆಟೊಮಾರ್ಫಿಸಂಗಳಿಗೂ ಇಂಥದೇ ಪ್ರಮೇಯವನ್ನು ಮೇಯ್ನ್ 1976ರಲ್ಲಿ ಪ್ರಕಟಿಸಿದರು. ಅಲ್ಲಿ ದ(ಕ)ದ ಸ್ಥಾನದಲ್ಲಿ ಕ ಮತ್ತು ಅದರ ಪ್ರತಿಬಿಂಬದ ನಡುವಣ ವ್ಯತ್ಯಾಸ ನಿಲ್ಲುತ್ತದೆ. ಮೇಲಿನ ವಾದ ಅದೇ ಹೆಜ್ಜೆಗಳಲ್ಲಿ ಸಾಗಿ, ಅದೇ ಎರಡು ಉಪಸಮೂಹಗಳ ಇಕ್ಕಟ್ಟಿನಲ್ಲಿ ಮುಗಿಯುತ್ತದೆ.