ಗ್ರಂಥಸಂಗ್ರಹದ ಧರ್ಮ

ತನ್ನ ಹಣದಿಂದ ತನಗಾಗಿ ಪುಸ್ತಕವನ್ನು ಕೊಳ್ಳುವವನು ಯಾರಿಗೂ ಸಮಾಧಾನ ಹೇಳಬೇಕಾದುದಿಲ್ಲ. ಆಯ್ಕೆ ತಪ್ಪಿದರೆ ನಷ್ಟ ಅವನದು. ಒಪ್ಪಿದರೆ ಸಂತೋಷವೂ ಅವನದೇ. ಕಾಲೇಜಿನ ಪುಸ್ತಕಭಂಡಾರಕ್ಕೆ ಗ್ರಂಥಗಳನ್ನು ತರಿಸುವವನ ಸ್ಥಿತಿ ಹಾಗಲ್ಲ. ಹಣ ಇತರರದು: ವಿದ್ಯಾರ್ಥಿಗಳು ತೆತ್ತ ಶುಲ್ಕ, ಸರ್ಕಾರದ ಅನುದಾನ, ದಾನಿಗಳ ಕೊಡುಗೆ. ಓದತಕ್ಕವರೂ ಇತರರೇ, ಅವರಲ್ಲಿ ಬಹುಮಂದಿ ಇನ್ನೂ ಆ ಕಾಲೇಜಿನ ಬಾಗಿಲನ್ನು ಕಂಡವರಲ್ಲ, ಕೆಲವರು ಇನ್ನೂ ಹುಟ್ಟಿದವರೇ ಅಲ್ಲ. ಹೀಗೆ ಪರರ ದ್ರವ್ಯದಿಂದ ಪರರ ಬುದ್ಧಿಗೆ ಆಹಾರವನ್ನು ಗೊತ್ತುಮಾಡುವ ಅಧಿಕಾರವನ್ನು ಯಾವ ಕಟ್ಟಿಗೊಳಪಟ್ಟು ನಡೆಸಬೇಕೆಂಬುದು ಮೇಲ್ನೋಟಕ್ಕೆ ಕಚೇರಿಯ ವ್ಯವಹಾರದಂತೆ ತೋರಿದರೂ ವಾಸ್ತವವಾಗಿ ಧರ್ಮಾಧರ್ಮಗಳ ಪ್ರಶ್ನೆಯೇ ಆಗಿದೆ.

ವ್ಯವಹಾರದ ಕ್ರಮವೇನೋ ಸರಳವಾದುದು. ಪ್ರಾಂಶುಪಾಲರ ಅಧ್ಯಕ್ಷತೆಯಲ್ಲಿ ಗ್ರಂಥಾಲಯ ಸಮಿತಿ ಸೇರಿ ವರ್ಷದ ಹಣವನ್ನು ವಿಭಾಗ ವಿಭಾಗಕ್ಕೆ ಹಂಚುತ್ತದೆ. ಅಧ್ಯಾಪಕರು ತಮಗೆ ಬೇಕಾದ ಪುಸ್ತಕಗಳ ಪಟ್ಟಿ ಕೊಡುತ್ತಾರೆ. ಅವು ಆಗಲೇ ಭಂಡಾರದಲ್ಲಿವೆಯೇ ಎಂದು ಗ್ರಂಥಪಾಲಕನು ನೋಡುತ್ತಾನೆ. ವ್ಯಾಪಾರಿಗಳಿಂದ ದರಪಟ್ಟಿಗಳು ಬರುತ್ತವೆ, ಆರ್ಡರು ಹೋಗುತ್ತದೆ, ಬಂದ ಪುಸ್ತಕವನ್ನು ಬಿಲ್ಲಿನೊಡನೆ ತಾಳೆ ನೋಡಿ, ದಾಖಲೆಯ ಪುಸ್ತಕದಲ್ಲಿ ಕ್ರಮಸಂಖ್ಯೆ ಬರೆದು, ಮೊಹರು ಒತ್ತಿ, ವಿಷಯಾನುಸಾರ ವರ್ಗೀಕರಿಸಿ ಕಪಾಟಿಗೆ ಸೇರಿಸುತ್ತಾರೆ. ಇದರಲ್ಲಿ ಕುಂದು ಕಾಣದು. ಆದರೆ ಒಂದು ಸಂಗತಿಯನ್ನು ಲಕ್ಷಿಸಬೇಕು. ಬಂದ ಪುಸ್ತಕಕ್ಕೆ ಕ್ರಮಸಂಖ್ಯೆಯುಂಟು. ಬೇಡವೆಂದು ಬಿಟ್ಟ ಪುಸ್ತಕಕ್ಕೆ ಯಾವ ದಾಖಲೆಯೂ ಇಲ್ಲ. ಊಟದಲ್ಲಿ ಉಪ್ಪು ಕಡಮೆಯಾದರೆ ಉಂಡವನು ಹೇಳುತ್ತಾನೆ. ಇಂಥದೊಂದು ಗ್ರಂಥವಿದೆಯೆಂದೇ ಅರಿಯದ ವಿದ್ಯಾರ್ಥಿ ತನಗಾದ ನಷ್ಟವನ್ನು ಹೇಳಲಾರ. ದೂರುವವರಿಲ್ಲದ ಈ ಅನ್ಯಾಯವನ್ನು ತಡೆಯತಕ್ಕದ್ದು ಆರಿಸುವವನ ಅಂತಃಕರಣವೊಂದೇ.

ಆಯ್ಕೆಯ ವಿಷಯದಲ್ಲಿ ಎರಡು ಮತಗಳುಂಟು. ಓದುವವರು ಕೇಳಿದ್ದನ್ನು ಒದಗಿಸುವುದೇ ಭಂಡಾರದ ಕರ್ತವ್ಯವೆಂಬುದು ಮೊದಲನೆಯದು. ಇದನ್ನು ಹಗುರವಾಗಿ ತಳ್ಳುವಂತಿಲ್ಲ. ಗಣಿತದ ಅಧ್ಯಾಪಕರಾಗಿದ್ದು ೧೯೨೪ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದ ಎಸ್. ಆರ್. ರಂಗನಾಥನ್ ಅವರು ೧೯೩೧ರಲ್ಲಿ ಪ್ರಕಟಿಸಿದ ಗ್ರಂಥಾಲಯಶಾಸ್ತ್ರದ ಐದು ಸೂತ್ರಗಳಲ್ಲಿ, ಪುಸ್ತಕದ ಪ್ರಯೋಜನ ಅದರ ಬಳಕೆಯಲ್ಲಿದೆಯೆಂಬ ತತ್ತ್ವಕ್ಕೇ ಅಗ್ರಸ್ಥಾನವನ್ನು ಕೊಟ್ಟರು. ೧೯೬೨ರಲ್ಲಿ ಬೆಂಗಳೂರಿನಲ್ಲಿ ಈ ಶಾಸ್ತ್ರದ ಸಂಶೋಧನ ಕೇಂದ್ರವನ್ನು ಸ್ಥಾಪಿಸಿ, ೧೯೭೨ರಲ್ಲಿ ಅಲ್ಲಿಯೇ ಕಾಲವಾದ ಅವರ ಮಾತಿಗೆ ಕನ್ನಡಿಗರು ವಿಶೇಷವಾಗಿ ಕಿವಿಗೊಡಬೇಕು. ಮನೆಯಲ್ಲಿ ಒಂದು ಪುಸ್ತಕವೂ ಇಲ್ಲದೆ ಬಂದ ಹುಡುಗಿಗೆ ಪರೀಕ್ಷೆಗೆ ನಿಯತವಾದ ಪಠ್ಯದ ಪ್ರತಿ ದೊರೆಯದೆ, ಎದುರಿನ ಕಪಾಟಿನಲ್ಲಿ ಯಾರೂ ಮುಟ್ಟದ ದುಬಾರಿ ಸಂಪುಟಗಳು ಹೊಳೆಯುತ್ತಿದ್ದರೆ, ಅದು ವಿದ್ಯೆಗೆ ಅಲಂಕಾರವೆನಿಸಲಾರದು.

ಬಳಕೆಯ ಪಕ್ಷಕ್ಕೆ ಅಮೆರಿಕದ ಒಂದು ಕಾಲೇಜಿನ ಇತಿಹಾಸ ವಿಚಿತ್ರವಾದ ಸಾಕ್ಷ್ಯವನ್ನು ನುಡಿಯುತ್ತದೆ. ೧೬೩೮ರಲ್ಲಿ ತೀರಿಕೊಂಡ ಜಾನ್ ಹಾರ್ವರ್ಡ್ ಎಂಬ ಪಾದ್ರಿಯು ತನ್ನ ಸುಮಾರು ೪೦೦ ಸಂಪುಟಗಳನ್ನು ಆಗತಾನೆ ಹುಟ್ಟಿದ್ದ ಕಾಲೇಜಿಗೆ ಬಿಟ್ಟುಹೋದನು. ಕಾಲೇಜಿಗೆ ಅವನ ಹೆಸರೇ ಬಂದಿತು. ೧೭೬೪ರ ಜನವರಿಯಲ್ಲಿ ಬೆಂಕಿ ಬಿದ್ದು, ಅಷ್ಟರಲ್ಲಿ ಸುಮಾರು ೫,೦೦೦ಕ್ಕೆ ಬೆಳೆದಿದ್ದ ಭಂಡಾರ ಭಸ್ಮವಾಯಿತು. ಉಳಿದುಕೊಂಡವು ಬಹುಮಟ್ಟಿಗೆ ಆಗ ಓದುಗರ ಕೈಯಲ್ಲಿದ್ದ ಪುಸ್ತಕಗಳು. ಜೋಪಾನವಾಗಿ ಬೀಗದೊಳಗಿದ್ದುವು ಹೋದುವು. ಹೊರಗೆ ತಿರುಗುತ್ತಿದ್ದುವು ಬದುಕಿದುವು.

ಕೇಳಿದ್ದನ್ನು ಮಾತ್ರ ಕೊಡುವುದು ಸಾಲದು, ಯೋಗ್ಯವಾದುದನ್ನು ಕೇಳದಿದ್ದರೂ ತಂದಿಡಬೇಕೆಂಬುದು ಎರಡನೆಯ ಮತ. ಇದರ ಬಲವನ್ನು ತಿಳಿಯಲು ಮೈಸೂರಿಗಿಂತ ದೂರ ಹೋಗಬೇಕಾದುದಿಲ್ಲ. ೧೮೯೧ರಲ್ಲಿ ಸ್ಥಾಪಿತವಾದ ಅಲ್ಲಿಯ ಪ್ರಾಚ್ಯ ಗ್ರಂಥಾಲಯಕ್ಕೆ ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಒಂದು ತಾಳೆಯೋಲೆಯ ಗ್ರಂಥವನ್ನು ಕೊಟ್ಟರು. ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು ಗುರುತಿಸಿ, ೧೯೦೯ರಲ್ಲಿ ಅಚ್ಚುಮಾಡಿಸಿದರು. ಪೂರ್ವಕವಿಗಳ ಉಲ್ಲೇಖಗಳಿಂದ ವಿದ್ವಾಂಸರು ಹೆಸರನ್ನು ಮಾತ್ರ ಬಲ್ಲ ಆ ಶಾಸ್ತ್ರವನ್ನು ಯಾವ ಓದುಗನು ಚೀಟಿ ಬರೆದು ಕೇಳಿದ್ದನು? ಬೇಡಿಕೆಯನ್ನು ಕಾಯುತ್ತ ಕುಳಿತಿದ್ದರೆ ಓಲೆಯ ಕಟ್ಟು ಹುಳುವಿನ ಪಾಲಾಗುತ್ತಿದ್ದಿತು. ಪಡೆದಿಟ್ಟದ್ದರಿಂದ ಓದುಗನು ಹುಟ್ಟಿದನು; ಹಿಂದೂದೇಶದ ಪ್ರಾಚೀನ ರಾಜನೀತಿಯ ಅಧ್ಯಯನವೇ ಬೇರೊಂದು ದಾರಿ ಹಿಡಿಯಿತು.

ಹಾಗಾದರೆ ಯೋಗ್ಯತೆಯನ್ನು ಬಲ್ಲ ಪಂಡಿತನಿಗೆ ಆಯ್ಕೆಯನ್ನು ಒಪ್ಪಿಸಿ ನಿಶ್ಚಿಂತರಾಗಿರಬಹುದೇ? ಇಲ್ಲಿ ಆಕ್ಸ್‌ಫರ್ಡಿನ ಕಥೆ ಎಚ್ಚರಿಸುತ್ತದೆ. ಅಲ್ಲಿಯ ವಿಶ್ವವಿದ್ಯಾನಿಲಯದ ಹಾಳುಬಿದ್ದ ಭಂಡಾರವನ್ನು ಸ್ವಂತ ದ್ರವ್ಯದಿಂದ ಎತ್ತಿ ನಿಲ್ಲಿಸಿ ೧೬೦೨ರಲ್ಲಿ ತೆರೆದ ಸರ್ ಥಾಮಸ್ ಬಾಡ್ಲಿಯು, ಲಂಡನಿನ ಮುದ್ರಕರ ಸಂಘದವರು ತಾವು ಅಚ್ಚುಮಾಡಿದ ಪುಸ್ತಕಗಳ ಒಂದೊಂದು ಪ್ರತಿಯನ್ನು ಕೊಡುವಂತೆ ೧೬೧೦ರಲ್ಲಿ ಒಪ್ಪಂದ ಮಾಡಿಕೊಂಡನು. ಅಂಥ ದೂರದರ್ಶಿಯೂ ನಾಟಕ ಪಂಚಾಂಗಗಳನ್ನು ಭಂಡಾರದ ಗೌರವಕ್ಕೆ ತಕ್ಕುವಲ್ಲವೆಂದು ಬಗೆದು, ಅವನ್ನು ಸೇರಿಸಬಾರದೆಂದು ತನ್ನ ಗ್ರಂಥಪಾಲಕನಿಗೆ ಬರೆದನು. ಅವನು ಸತ್ತ ಹತ್ತು ವರ್ಷಕ್ಕೆ, ೧೬೨೩ರಲ್ಲಿ, ಷೇಕ್ಸ್‌ಪಿಯರನ ೩೬ ನಾಟಕಗಳ ಸಂಪುಟ ಹೊರಬಿದ್ದು ಒಪ್ಪಂದದ ಬಲದಿಂದಲೇ ಅಲ್ಲಿಗೂ ಬಂದಿತು. ೧೬೬೪ರ ಮುದ್ರಣ ಬಂದ ಮೇಲೆ ಹಳೆಯ ಪ್ರತಿ ಅನಾವಶ್ಯಕವೆಂದು ತೋರಿ ಭಂಡಾರದಿಂದ ಹೊರಬಿದ್ದಿತು. ಅದೇ ಪ್ರತಿಯನ್ನು ೧೯೦೬ರಲ್ಲಿ ಜನರಿಂದ ಚಂದಾ ಎತ್ತಿ ೩,೦೦೦ ಪೌಂಡು ಕೊಟ್ಟು ಮರಳಿ ಕೊಂಡರು. ಬಾಡ್ಲಿಯು ಅವಿವೇಕಿಯಾಗಿರಲಿಲ್ಲ. ತನ್ನ ಕಾಲದ ವಿವೇಕವೇ ಎಲ್ಲ ಕಾಲದ ವಿವೇಕವೆಂದು ಭಾವಿಸಿದ್ದಷ್ಟೇ ಅವನ ದೋಷ.

ಈ ಎರಡು ಮತಗಳಿಗೂ ಮೂಲದಲ್ಲಿ ಒಂದೇ ಕೊರತೆ. ಇಂದಿನ ಓದುಗನಿಗೆ ತನಗೆ ಬೇಕಾದುದೆಲ್ಲ ಗೊತ್ತೆಂದು ಒಂದು ನಂಬುತ್ತದೆ. ಇಂದಿನ ಪಂಡಿತನಿಗೆ ಮುಂದಿನವರಿಗೆ ಬೇಕಾದುದೆಲ್ಲ ಗೊತ್ತೆಂದು ಇನ್ನೊಂದು ನಂಬುತ್ತದೆ. ಇಬ್ಬರಿಗೂ ಗೊತ್ತಿಲ್ಲವೆಂಬುದೇ ನಿಜ. ಆದುದರಿಂದ ಗ್ರಂಥಸಂಗ್ರಹದ ಧರ್ಮವನ್ನು ಆರಿಸುವವನ ಜ್ಞಾನದ ಮೇಲೆ ಕಟ್ಟುವುದಕ್ಕಿಂತ ಅವನ ಅಲ್ಪಜ್ಞತೆಯ ಅರಿವಿನ ಮೇಲೆ ಕಟ್ಟುವುದು ಕ್ಷೇಮ. ಅವನು ಭಂಡಾರದ ಒಡೆಯನಲ್ಲ. ಪರರು ಇಟ್ಟ ನಿಕ್ಷೇಪವನ್ನು ಕಾಯುವವನು.

ಆದರೆ ಹಣ ಪರಿಮಿತ, ಜಾಗ ಪರಿಮಿತ. ಬೇಡವೆನ್ನದೆ ಭಂಡಾರ ನಡೆದೀತೆ? ನಡೆಯದು. ಆದರೂ 'ಈಗ ಕೊಳ್ಳಲಾರೆವು' ಎಂಬುದಕ್ಕೂ 'ಇದನ್ನು ಯಾರೂ ಓದಬಾರದು' ಎಂಬುದಕ್ಕೂ ಅಂತರವುಂಟು. ಮೊದಲನೆಯದು ಬಡತನದ ಮಾತು. ಎರಡನೆಯದು ಅಹಂಕಾರದ ಮಾತು. ಎರಡನೆಯದು ಮೊದಲನೆಯದರ ವೇಷ ಹಾಕಿಕೊಂಡು ಬಾರದಂತೆ ನೋಡುವುದೇ ಸಮಿತಿಯ ಮುಖ್ಯ ಕರ್ತವ್ಯ. ನಿರಾಕರಿಸಿದ ಪುಸ್ತಕದ ಹೆಸರನ್ನೂ ಕಾರಣವನ್ನೂ ಎರಡು ಸಾಲಿನಲ್ಲಿ ಬರೆದಿಟ್ಟರೆ ಮುಂದಿನವರು ಅದನ್ನು ತಿದ್ದಬಹುದು. ಹಾರ್ವರ್ಡಿನವರು ೧೭೨೩ರಲ್ಲಿ ತಮ್ಮ ಗ್ರಂಥಗಳ ಪಟ್ಟಿಯನ್ನು ಅಚ್ಚುಹಾಕಿಸಿ ಕಡಲಾಚೆಯ ದಾನಿಗಳಿಗೆ ಕಳುಹಿದಾಗ, ಇದ್ದುದರೊಡನೆ ಇಲ್ಲದುದೂ ಬಯಲಾಯಿತು. ಕೊರತೆಯನ್ನು ಮುಚ್ಚಿಡದ ಭಂಡಾರಕ್ಕೆ ಕೊಡುವವರೂ ಸಿಗುತ್ತಾರೆ.

ಇದಕ್ಕೆ ವಿರುದ್ಧವಾದ ನಡವಳಿಕೆಯನ್ನು ಎಲ್ಲರೂ ಬಲ್ಲರು. ವರ್ಷವಿಡೀ ಮಲಗಿದ್ದ ಅನುದಾನ ಮಾರ್ಚಿ ೩೧ರೊಳಗೆ ಮುಗಿಯಬೇಕೆಂದು ಎಚ್ಚರಗೊಳ್ಳುತ್ತದೆ. ವ್ಯಾಪಾರಿ ಗಾಡಿಯಲ್ಲಿ ತಂದದ್ದೆಲ್ಲ ಯೋಗ್ಯಗ್ರಂಥವಾಗುತ್ತದೆ. ಹೆಚ್ಚು ರಿಯಾಯಿತಿ ಕೊಟ್ಟವನ ಕೈಯಲ್ಲಿ ಆಯ್ಕೆಯ ಅಧಿಕಾರ ಸೇರುತ್ತದೆ. ಲೆಕ್ಕಪರಿಶೋಧಕನಿಗೆ ಇದರಲ್ಲಿ ಒಂದು ಕಾಸಿನ ತಪ್ಪೂ ಸಿಗದೆ ಇರಬಹುದು. ನಿಕ್ಷೇಪಕ್ಕೆ ದ್ರೋಹವಂತೂ ಆಯಿತು.

ಈಚೆಗೆ ಪ್ರಶ್ನೆ ಇನ್ನೊಂದು ರೂಪವನ್ನು ತಾಳಿದೆ. ೨೦೨೪ರ ನವೆಂಬರಿನಲ್ಲಿ ಕೇಂದ್ರ ಮಂತ್ರಿಮಂಡಲವು ಒಪ್ಪಿದ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆಯಲ್ಲಿ ೨೦೨೫ರಿಂದ ೨೦೨೭ರ ವರೆಗಿನ ಮೂರು ವರ್ಷಗಳಿಗೆ ೬,೦೦೦ ಕೋಟಿ ರೂಪಾಯಿಗಳು ಗೊತ್ತಾದುವು. ಸರ್ಕಾರಿ ವಿದ್ಯಾಸಂಸ್ಥೆಗಳಿಗೆ ಸುಮಾರು ೧೩,೦೦೦ ಶಾಸ್ತ್ರೀಯ ಪತ್ರಿಕೆಗಳ ಬಾಗಿಲು ತೆರೆಯಬೇಕೆಂಬುದು ಅದರ ಉದ್ದೇಶ. ತಾಲ್ಲೂಕಿನ ಕಾಲೇಜಿಗೆ ಇದೊಂದು ಮಹೋಪಕಾರವೆಂಬುದರಲ್ಲಿ ಸಂಶಯವಿಲ್ಲ. ಆದರೆ ಚಂದಾ ತೆತ್ತು ಓದುವುದು ಬೇರೆ, ಕೊಂಡು ಇಡುವುದು ಬೇರೆ. ಒಪ್ಪಂದದಲ್ಲಿ ಶಾಶ್ವತ ಹಕ್ಕನ್ನು ಬರೆಸಿಕೊಳ್ಳದಿದ್ದರೆ, ಚಂದಾ ನಿಂತ ದಿನ ಭಂಡಾರದಲ್ಲಿ ಉಳಿಯುವುದೇನೂ ಇಲ್ಲ. ಆಯ್ಕೆಯೂ ದೂರದಲ್ಲಿ, ಸಗಟಾಗಿ, ನಡೆದುಹೋಗುತ್ತದೆ.

ಇದರಿಂದಲೇ ಸಣ್ಣ ಕಾಲೇಜಿನ ಸ್ವಂತ ಕರ್ತವ್ಯವೂ ಸ್ಪಷ್ಟವಾಗುತ್ತದೆ. ಎಲ್ಲೆಡೆ ಸಿಗುವುದನ್ನು ಎಲ್ಲರೂ ಸಂಗ್ರಹಿಸುತ್ತಾರೆ; ಜಿಲ್ಲೆಯ ಸಂಘಗಳು ತಂದ ಸ್ಮರಣ ಸಂಚಿಕೆ, ನಿಂತುಹೋದ ಪತ್ರಿಕೆಯ ಸಂಚಿಕೆಗಳು, ಊರಿನ ಶಾಸನಗಳ ಪಾಠ, ಹಳೆಯ ಮನೆಯ ಅಟ್ಟದ ಮೇಲಿನ ಓಲೆಯ ಕಟ್ಟು—ಇವನ್ನು ದೆಹಲಿಯವರು ಕೊಳ್ಳುವರೆ? ಹಣದ ಮೊದಲ ಪಾಲು ಎದುರಿಗೆ ನಿಂತ ಬಡವಿದ್ಯಾರ್ಥಿಯ ಪಠ್ಯಕ್ಕೆ ಸಲ್ಲಲಿ. ಅದು ತೀರಿಸಲೇಬೇಕಾದ ಋಣ. ಆದರೆ ಚಿಕ್ಕದಾದರೂ ಒಂದು ಪಾಲನ್ನು, ಇನ್ನೂ ಯಾರೂ ಕೇಳದ ಗ್ರಂಥಕ್ಕೆಂದು, ಪ್ರತಿವರ್ಷವೂ ತಪ್ಪದೆ ತೆಗೆದಿಡತಕ್ಕದ್ದು. ಆ ಗ್ರಂಥವನ್ನು ಕೇಳಿಕೊಂಡು ಬರುವವನು ಐವತ್ತು ವರ್ಷ ತಡವಾಗಿ ಬರಬಹುದು. ಅವನು ಬಂದಾಗ ಅದು ಅಲ್ಲಿರಬೇಕು.