ಮೊದಲ ಆಟಗಳ ತೀರ್ಪು

ಅಮೆರಿಕದ ಬೇಸ್‌ಬಾಲ್ ಋತು ಶುರುವಾಗುವುದು ವಸಂತಕಾಲದಲ್ಲಿ. ಪ್ರತಿ ತಂಡಕ್ಕೂ 162 ಆಟಗಳು. ಆದರೆ ಅಪ್ಪಟ ಅಭಿಮಾನಿಗೆ ಅಷ್ಟು ತಾಳ್ಮೆ ಎಲ್ಲಿಯದು? ಮೊದಲೆರಡು ಆಟ ಗೆದ್ದರೆ ಪ್ರಶಸ್ತಿ ನಮ್ಮದೇ ಎನ್ನುತ್ತಾನೆ. ಸೋತರೆ ಈ ವರ್ಷದ ಕಥೆ ಮುಗಿಯಿತೆಂದು ಕೈಚೆಲ್ಲುತ್ತಾನೆ.

ಸಂತ ತೋಮಸ್ ಅಕ್ವಿನಾಸರ ಪ್ರಕಾರ ನಾವು ಭರವಸೆಯಿಡುವುದು ಇನ್ನೂ ಕೈಗೆ ಬಾರದ, ಕಷ್ಟವಾದ, ಆದರೆ ಸಾಧ್ಯವಾದ ಒಳಿತಿನಲ್ಲಿ. ಕಷ್ಟವನ್ನು ಮರೆತರೆ ಅದು ಅತಿವಿಶ್ವಾಸ. ಸಾಧ್ಯತೆಯನ್ನು ಮರೆತರೆ ಹತಾಶೆ. ಎರಡೂ ಅವಸರದ ಮಕ್ಕಳೇ.

1988ರಲ್ಲಿ ಬಾಲ್ಟಿಮೋರ್ ಓರಿಯೋಲ್ಸ್ ತಂಡ ಮೊದಲ ಆಟವನ್ನು 12–0ರಿಂದ ಸೋತಿತು. ಆರು ಸೋಲಾಗುತ್ತಲೇ ಮ್ಯಾನೇಜರನ್ನು ತೆಗೆದರು. ಸೋಲು ನಿಲ್ಲಲಿಲ್ಲ, ಸತತ 21 ಆಟ ಹೋದವು. 24 ಆಟಗಳಲ್ಲಿ ಒಂದೇ ಗೆಲುವು ಕಂಡ ಆ ತಂಡ ಮೇ 2ರಂದು ತವರಿನಲ್ಲಿ ಆಡಲು ಮರಳಿದಾಗ ಸ್ವಾಗತಿಸಲು ಬಂದವರು 50,000ಕ್ಕೂ ಹೆಚ್ಚು ಜನ! ಅಂದು ತಂಡ ಗೆದ್ದಿತು ನಿಜ. ಆದರೆ ಋತು ಮುಗಿಯುವಾಗ ಸೋಲುಗಳ ಲೆಕ್ಕ 107.

ಹಾಗಾದರೆ ಆ ಜನರ ನಿಷ್ಠೆ ಮೂರ್ಖತನವೇ? ಅಲ್ಲ. ಅವರಿಗೆ ಸೋಲಿನ ಲೆಕ್ಕ ಚೆನ್ನಾಗಿ ಗೊತ್ತಿತ್ತು. ತಂಡ ಗೆದ್ದೇ ಗೆಲ್ಲುತ್ತದೆಂದು ಅವರು ಬಂದದ್ದಲ್ಲ. ಅದು ತಮ್ಮದೆಂದು ಬಂದರು. ಸತ್ಯವನ್ನು ಮುಚ್ಚಿಡದೆ ಜೊತೆಗೆ ನಿಲ್ಲುವುದೇ ನಿಷ್ಠೆ. ಗೆದ್ದಾಗ ಮಾತ್ರ ಕೊಡುವ ಪ್ರೀತಿ ಬರೀ ಕೂಲಿ.

ನಮ್ಮ ಮನೆಗಳಲ್ಲೂ ಮೊದಲ ಆಟಗಳಿವೆ: ಮಗುವಿನ ಮೊದಲ ಅಂಕಪಟ್ಟಿ, ಹೊಸ ಸೊಸೆಯ ಮೊದಲ ತಿಂಗಳು, ಕುಡಿತ ಬಿಟ್ಟವನ ಮೊದಲ ವಾರ. ಅಲ್ಲಿ ನಾವು ಎಷ್ಟು ಬೇಗ ತೀರ್ಪು ಬರೆಯುತ್ತೇವೆ! ಸೋತವರು ಮನೆಗೆ ಮರಳುವ ದಿನ ಬಾಗಿಲಲ್ಲಿ ಕಾಯುವವರು ಯಾರು?